ಫಾರ್ಮಿನಲ್ಲಿರುವ ಆ ಒಂದು ಗೆರೆ: ಮಕ್ಕಳ ಮಾತಿನ ಸೇವೆ ರೂಪಿಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಮಕ್ಕಳ ಸ್ಪೀಚ್ ಥೆರಪಿಗೆ ಎಷ್ಟು ಹಣ, ಎಲ್ಲಿ ಕೇಂದ್ರ, ಯಾರ ನೇಮಕ, ಯಾವ ಪರೀಕ್ಷೆ ಅಂತ ತೀರ್ಮಾನಿಸುವವರು ನೀವು. ಆ ತೀರ್ಮಾನಗಳು ಕೊನೆಗೆ ಬಂದು ತಲುಪುವ ಮೇಜಿನ ಹಿಂದೆ ಕೂತಿರುವ ಥೆರಪಿಸ್ಟ್ ನಾನು. ನಿಮ್ಮ ಮೇಲೆ ದೂರು ಬಹಳ ಇದೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ಆಗ ನಾನು ಕೆಲಸಕ್ಕೆ ಹೊಸಬಳು. ಒಬ್ಬ ತಾಯಿ ಮೂರೂವರೆ ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಎರಡು ಬಸ್ಸು ಬದಲಿಸಿ ಬಂದವರು. ಮಗುವಿಗೆ ಬರುತ್ತಿದ್ದದ್ದು ಹದಿನೈದು ಇಪ್ಪತ್ತು ಪದ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಮುಂದೆ ಸೇರಬೇಕಾದ ಶಾಲೆಯಲ್ಲಿ ಮೂರನೆಯದು. ನಾನು ತುಂಬ ತಿಳಿದವಳ ಹಾಗೆ ಹೇಳಿದೆ: "ಮಗುವಿಗೆ ಗೊಂದಲ ಆಗ್ತಿದೆ. ಇನ್ಮೇಲೆ ಮನೆಯಲ್ಲೂ ಶಾಲೆಯ ಭಾಷೆಯನ್ನೇ ಮಾತಾಡಿ." ಆ ತಾಯಿ ತಲೆ ಆಡಿಸಿದರು. ಎದುರು ಮಾತಾಡಲಿಲ್ಲ. ಅವರು ಒಪ್ಪಿದರು ಅಂದುಕೊಂಡೆ.

ಎರಡು ತಿಂಗಳ ಮೇಲೆ ಮತ್ತೆ ಬಂದರು. ಹೇಗಿದೆ ಅಂತ ಕೇಳಿದೆ. "ಮನೇಲಿ ಈಗ ಯಾರೂ ಜಾಸ್ತಿ ಮಾತಾಡಲ್ಲ ಮೇಡಂ" ಅಂದರು. ಶಾಲೆಯ ಭಾಷೆ ಅವರಿಗೆ ಅಷ್ಟಕ್ಕಷ್ಟೇ. ಅಜ್ಜಿಗಂತೂ ಒಂದಕ್ಷರವೂ ಬರದು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತಿದ್ದದ್ದು ಅಜ್ಜಿಯೇ. ಡಾಕ್ಟ್ರು ಬೇಡ ಅಂದಿದ್ದಾರೆ ಅಂತ ಅವರು ಮಗುವಿಗೆ ಕಥೆ ಹೇಳುವುದನ್ನೂ ಬಿಟ್ಟಿದ್ದರು.

ಮೊದಲೇ ಮಾತು ಕಡಿಮೆ ಇದ್ದ ಮಗು. ಅದರ ಕಿವಿಗೆ ಬೀಳುತ್ತಿದ್ದ ಮಾತನ್ನೂ ನಾನು ಕಿತ್ತುಕೊಂಡಿದ್ದೆ.

ಆಮೇಲೆ ತಿದ್ದಿಕೊಂಡೆವು. ಅಜ್ಜಿಯ ಕಥೆ ಮತ್ತೆ ಶುರುವಾಯಿತು. ಚಿಕಿತ್ಸೆಯನ್ನೂ ಮನೆಯ ಭಾಷೆಗೆ ಬದಲಿಸಿದೆವು. ನಾನು ಆ ಭಾಷೆಯ ನೂರು ಪದವಾದರೂ ಕಲಿಯಬೇಕಾಯಿತು. ಮಗುವಿಗೆ ನಿಜಕ್ಕೂ ಭಾಷೆಯ ತೊಂದರೆ ಇತ್ತು, ಅದು ಎಲ್ಲ ಭಾಷೆಯಲ್ಲೂ ಇತ್ತು. ಸರಿಹೋಗಲು ವರ್ಷಗಳೇ ಹಿಡಿದವು. ಆದರೆ ಆ ಎರಡು ತಿಂಗಳು ಹಾಳಾದದ್ದು ನನ್ನಿಂದ.

ನನ್ನ ಆ ಸಲಹೆ ನನ್ನೊಬ್ಬಳದ್ದೇ ಆಗಿದ್ದರೆ ಈ ಪತ್ರ ಬೇಕಿರಲಿಲ್ಲ. ಅದೇ ಸಲಹೆಯನ್ನು ಮಕ್ಕಳ ಡಾಕ್ಟರುಗಳು ಕೊಡುತ್ತಾರೆ, ಶಿಕ್ಷಕರು ಕೊಡುತ್ತಾರೆ, ಪಕ್ಕದ ಮನೆಯವರು ಕೊಡುತ್ತಾರೆ. ಎರಡು ಭಾಷೆ ಕೇಳಿ ಬೆಳೆದರೆ ಮಾತಿನ ತೊಂದರೆ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಮೊದಲೇ ತೊಂದರೆ ಇರುವ ಮಗುವಿಗೂ ಎರಡನೇ ಭಾಷೆಯಿಂದ ಹೊಸ ಪೆಟ್ಟು ಬೀಳುವುದಿಲ್ಲ. 2005ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನ, ಹುಟ್ಟಿನಿಂದಲೇ ಬುದ್ಧಿ, ಮಾತು ನಿಧಾನವಾಗಿ ಬೆಳೆಯುವ ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ನೋಡಿತು. ಕೆಲವರ ಮನೆಯಲ್ಲಿ ಒಂದೇ ಭಾಷೆ, ಕೆಲವರ ಮನೆಯಲ್ಲಿ ಎರಡು. ಎರಡು ಭಾಷೆಯ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಜೊತೆಗೆ ಇನ್ನೊಂದು ಭಾಷೆಯೂ ಅವರ ಕೈಲಿತ್ತು.

ಹಾಗಿದ್ದರೂ ಈ ಸಲಹೆ ಏಕೆ ಸಾಯುವುದಿಲ್ಲ? ಅದು ನಮಗೆ ಅನುಕೂಲ, ಅದಕ್ಕೆ. ಮಗು ನಮ್ಮ ಭಾಷೆಗೆ ಬಂದರೆ ನಾವು ಅದರ ಭಾಷೆಗೆ ಹೋಗಬೇಕಾಗಿಲ್ಲ ಅಲ್ವಾ?

ಹಿಂದುಳಿದ ಪ್ರದೇಶಗಳಿಗೆ ಸೇವೆ ತಲುಪಿಸುವುದು ಅಂದರೆ ನಿಮ್ಮ ಕಡತಗಳಲ್ಲಿ ಹೊಸ ಕಟ್ಟಡ, ಹೊಸ ಹುದ್ದೆ, ಒಂದು ವಾಹನ. ಸ್ಥಳೀಯ ಸಂಸ್ಕೃತಿಗೆ ಹೊಂದಿಸುವುದು ಅಂದರೆ ಅದೇ ಕಡತದ ಕೊನೆಯಲ್ಲಿ ಎರಡು ಸಾಲು, ಒಂದು ದಿನದ ತರಬೇತಿ. ಇವೆರಡೂ ಬೇರೆ ಬೇರೆ ಕೆಲಸ ಅಂತ ನೀವು ಅಂದುಕೊಂಡಿದ್ದೀರಿ. ನನ್ನ ತಕರಾರು ಇರುವುದೇ ಅಲ್ಲಿ. ಕಟ್ಟಡ ಮನೆಯ ಪಕ್ಕದಲ್ಲೇ ಇದ್ದರೂ ಒಳಗೆ ಕೂತವರಿಗೆ ಮಗುವಿನ ಮಾತು ಅರ್ಥವಾಗದಿದ್ದರೆ ಆ ಮನೆಯವರು ಮೂರನೇ ಸಲ ಬರುವುದಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ "ಫಾಲೋ ಅಪ್‌ಗೆ ಬಂದಿಲ್ಲ" ಅಂತ ಬರೆಯುತ್ತೇವೆ. ಏಕೆ ಬಂದಿಲ್ಲ ಅಂತ ಬರೆಯಲು ಆ ರಿಜಿಸ್ಟರಿನಲ್ಲಿ ಜಾಗವೇ ಇಲ್ಲ.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಜಾಸ್ತಿ ಅನ್ಯಾಯ ಆಗುವುದು ಅಲ್ಲೇ, ಮತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್ ಮತ್ತು ಅವರ ಜೊತೆಗಾರರು ಕಪ್ಪು ಮಕ್ಕಳ ಮಾತನ್ನು ಅಧ್ಯಯನ ಮಾಡುತ್ತಿದ್ದರು. ಈ ಮಕ್ಕಳಿಗೆ ಭಾಷೆಯೇ ಇಲ್ಲ ಅನ್ನುವ ಅಭಿಪ್ರಾಯ ಆಗ ಪಂಡಿತರಲ್ಲೇ ಇತ್ತು. ಎಂಟು ವರ್ಷದ ಒಬ್ಬ ಹುಡುಗನನ್ನು ಸಂದರ್ಶನ ಮಾಡಿದರೆ ಒಂದೊಂದೇ ಪದದ ಉತ್ತರ, ಇಲ್ಲವೇ ಮೌನ. ಸಂದರ್ಶಕ ಹಾರ್ಲೆಮ್‌ನಲ್ಲೇ ಬೆಳೆದವರು, ಕಪ್ಪು ಜನಾಂಗದವರೇ. ಆದರೂ ಹುಡುಗ ಬಾಯಿ ಬಿಡಲಿಲ್ಲ. ಮುಂದಿನ ಸಲ ಅವರು ಆಲೂಗಡ್ಡೆ ಚಿಪ್ಸ್ ತಂದರು. ಹುಡುಗನ ಆಪ್ತ ಗೆಳೆಯನನ್ನೂ ಕರೆತಂದರು. ತಾವು ನೆಲದ ಮೇಲೆ ಕೂತರು. ದೊಡ್ಡವರ ಮುಂದೆ ಆಡಬಾರದ ಒಂದೆರಡು ಮಾತನ್ನೂ ಆಡಿದರು. ಆಮೇಲೆ ನೋಡಬೇಕಿತ್ತು. ಇಬ್ಬರು ಹುಡುಗರೂ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ನುಗ್ಗಿ ಮಾತಾಡತೊಡಗಿದರು.

ಹುಡುಗ ಅದೇ ಹುಡುಗ. ಮೊದಲ ದಿನದ ಟೇಪು ಕೇಳಿ ರಿಪೋರ್ಟು ಬರೆದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ನಮ್ಮ ಕೇಂದ್ರಗಳಲ್ಲಿ ಬರೆಯುವ ರಿಪೋರ್ಟುಗಳಲ್ಲಿ ಹೆಚ್ಚಿನವು ಮೊದಲ ದಿನದ ಟೇಪುಗಳೇ. ಅಪರಿಚಿತ ಕೋಣೆ, ಅಪರಿಚಿತ ಹೆಂಗಸು, ಮೇಜಿನ ಮೇಲೆ ಚಿತ್ರದ ಕಾರ್ಡು, ಕೈಯಲ್ಲಿ ಗಡಿಯಾರ. ನಲವತ್ತೈದು ನಿಮಿಷ. ಮುಂದಿನ ಮಗು ಹೊರಗೆ ಕಾಯುತ್ತಿರುತ್ತದೆ.

ನಾನು ಕಾರ್ಡು ತೋರಿಸಿ "ಇದೇನು?" ಅಂತ ಕೇಳುತ್ತೇನೆ. ನನಗೆ ಗೊತ್ತಿರುವುದನ್ನೇ ಕೇಳುತ್ತಿದ್ದೇನೆ. ಕೆಲವು ಮನೆಗಳಲ್ಲಿ ದೊಡ್ಡವರು ಮಕ್ಕಳ ಜೊತೆ ದಿನವಿಡೀ ಈ ಆಟ ಆಡುತ್ತಾರೆ. ಇನ್ನು ಎಷ್ಟೋ ಮನೆಗಳಲ್ಲಿ ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ. ಅಂಥ ಮನೆಯ ಮಗುವಿಗೆ ನನ್ನ ಪ್ರಶ್ನೆ ವಿಚಿತ್ರವಾಗಿ ಕಾಣುತ್ತದೆ. "ನಿಮಗೇ ಕಾಣ್ತಿದೆಯಲ್ಲ" ಅಂತ ಒಬ್ಬ ಹುಡುಗ ನನಗೆ ಹೇಳಿಯೂ ಇದ್ದಾನೆ. ಅವನಿಗೆ ಆ ಉತ್ತರಕ್ಕೆ ಸೊನ್ನೆ ಅಂಕ. ನನ್ನ ಹಳೆಯ ಕಾರ್ಡಿನ ಕಟ್ಟಿನಲ್ಲಿ ಟೋಸ್ಟರ್ ಇತ್ತು, ಹಿಮದ ಗೊಂಬೆ ಇತ್ತು. ಕಂಡೇ ಇರದ ವಸ್ತುವಿನ ಹೆಸರು ಹೇಳದಿದ್ದದ್ದು ಮಗುವಿನ ಶಬ್ದ ಭಂಡಾರದ ಕೊರತೆ ಅಂತ ಲೆಕ್ಕ. ಇನ್ನು ಕಣ್ಣಿಗೆ ಕಣ್ಣು ಕೊಟ್ಟು ನೋಡುವ ವಿಷಯ. ದೊಡ್ಡವರನ್ನು ದಿಟ್ಟಿಸಬಾರದು ಅಂತ ಕಲಿಸುವ ಸಮಾಜಗಳು ಲೋಕದಲ್ಲಿ ಬೇಕಾದಷ್ಟಿವೆ. ಅಲ್ಲಿನ ಮಗು ಕಣ್ಣು ತಗ್ಗಿಸಿದರೆ ಅದು ಆಟಿಸಂನ ಲಕ್ಷಣವೂ ಇರಬಹುದು, ಒಳ್ಳೆಯ ನಡತೆಯೂ ಇರಬಹುದು. ಯಾವುದು ಅಂತ ತಿಳಿಯಬೇಕಾದರೆ ಆ ಮನೆಯವರನ್ನೇ ಕೇಳಬೇಕು.

ಪರೀಕ್ಷೆಯನ್ನು ಅನುವಾದ ಮಾಡಿಸಿಬಿಟ್ಟರೆ ಸಾಕು ಅನ್ನುವ ಮಾತು ಸಭೆಗಳಲ್ಲಿ ಆಗಾಗ ಕೇಳುತ್ತೇನೆ. ಸಾಕಾಗುವುದಿಲ್ಲ. ಈ ಪತ್ರ ಬರೆಯುತ್ತಿರುವ ಭಾಷೆಯನ್ನೇ ನೋಡಿ. ಇಂಗ್ಲಿಷಿನ ಪರೀಕ್ಷೆಗಳು ಮಗು ಹೆಸರುಗಳ ಮುಂದೆ "ಎ" (a), "ದ" (the) ಸರಿಯಾಗಿ ಹಾಕುತ್ತದಾ ಅಂತ ನೋಡುತ್ತವೆ. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ. ಕನ್ನಡದ ಮಗು ಕಲಿಯಬೇಕಾದದ್ದು ಬಂದ, ಬಂದಳು, ಬಂತು ಅನ್ನುವ ವ್ಯತ್ಯಾಸ. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ರೂಪ. ಅನುವಾದ ಮಾಡಿದ ಪರೀಕ್ಷೆ ಇಲ್ಲದ್ದನ್ನು ಹುಡುಕುತ್ತದೆ, ಇರುವುದನ್ನು ಬಿಟ್ಟುಬಿಡುತ್ತದೆ. ಒಂದೇ ಭಾಷೆಯ ಒಳಗೂ ಇದೇ ಗೋಳು. ಸುತ್ತಲಿನವರೆಲ್ಲ "ಹಾಲು" ಅನ್ನುವುದನ್ನು "ಆಲು" ಅಂತ ಹೇಳುವಲ್ಲಿ ಬೆಳೆದ ಮಗು "ಆಲು" ಅಂದರೆ ಅದು ಅಲ್ಲಿನ ಮಾತನ್ನು ಸರಿಯಾಗಿಯೇ ಕಲಿತಿದೆ. ಅಮೆರಿಕದ ಕಪ್ಪು ಜನರ ಇಂಗ್ಲಿಷಿನಲ್ಲಿ "ಬಾತ್" (bath, ಸ್ನಾನ) ಅನ್ನುವ ಪದ "ಬಾಫ್" ಆಗುವುದೂ ಹಾಗೆಯೇ. ಇದನ್ನು ಉಚ್ಚಾರ ದೋಷ ಅಂತ ಬರೆದು ಆರು ತಿಂಗಳು ಥೆರಪಿ ಕೊಟ್ಟರೆ ಮಗು ಕಲಿಯುವ ಪಾಠ ಒಂದೇ. ನಮ್ಮ ಅಪ್ಪ ಅಮ್ಮ ತಪ್ಪಾಗಿ ಮಾತಾಡುತ್ತಾರೆ ಅನ್ನುವುದು.

ಕೋರ್ಟುಗಳವರೆಗೂ ಇದು ಹೋಗಿದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳನ್ನು ಇಂಗ್ಲಿಷಿನ ಪರೀಕ್ಷೆ ಆಧರಿಸಿ ಬುದ್ಧಿಮಾಂದ್ಯ ಮಕ್ಕಳ ತರಗತಿಗೆ ಹಾಕಿದ್ದರು. ಸ್ಪ್ಯಾನಿಷ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಅವರಲ್ಲಿ ಹೆಚ್ಚಿನವರು ಆ ತರಗತಿಯಲ್ಲಿ ಇರಬೇಕಾದವರೇ ಆಗಿರಲಿಲ್ಲ. ಡಯಾನಾ ಪ್ರಕರಣ ಅಂತ ಹೆಸರಾದ ಆ ದಾವೆ 1970ರಲ್ಲಿ ರಾಜಿಯಲ್ಲಿ ಮುಗಿಯಿತು. ಮಕ್ಕಳನ್ನು ಅವರ ಮೊದಲ ಭಾಷೆಯಲ್ಲೂ ಪರೀಕ್ಷಿಸಬೇಕು ಅಂತ ರಾಜ್ಯ ಒಪ್ಪಿಕೊಂಡಿತು. 1979ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್, ಓದು ಕಲಿಸುವಾಗ ಕಪ್ಪು ಮಕ್ಕಳ ಮನೆಮಾತನ್ನು ಶಾಲೆ ಗಮನಕ್ಕೆ ತೆಗೆದುಕೊಳ್ಳಲೇಬೇಕು ಅಂತ ತೀರ್ಪು ಕೊಟ್ಟರು. ಇಷ್ಟೆಲ್ಲ ಆಗಿ ಅರ್ಧ ಶತಮಾನ ಆಗುತ್ತಾ ಬಂತು. ನನ್ನ ಬೀರುವಿನಲ್ಲಿರುವ ಪರೀಕ್ಷೆಯ ಪುಸ್ತಕ ಇನ್ನೂ ಮಗು ಯಾವ ಭಾಷೆಯದು ಅಂತ ಕೇಳುವುದಿಲ್ಲ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಅದನ್ನು ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. "ಮನೆಯಲ್ಲಿ ಬೇರೆ ಭಾಷೆ, ಅದಕ್ಕೇ ತಡ. ಕಲೀತಾನೆ ಬಿಡಿ" ಅಂತ ಕಳಿಸಿಬಿಡುವುದು. ಕಿವಿ ಚೆನ್ನಾಗಿದ್ದು, ಬೇರೆ ಕಾಯಿಲೆ ಏನೂ ಇಲ್ಲದೆ, ಭಾಷೆ ಕಲಿಯುವುದೇ ಕಷ್ಟವಾಗಿರುವ ಮಕ್ಕಳಿದ್ದಾರೆ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಲೆಕ್ಕ ಹಾಕಿದಾಗ ಅಂಥವರು ನೂರಕ್ಕೆ ಸುಮಾರು 7 ಮಂದಿ. 30 ಮಕ್ಕಳ ತರಗತಿಯಲ್ಲಿ ಇಬ್ಬರು ಅಂದುಕೊಳ್ಳಿ. ಈ ತೊಂದರೆಯನ್ನು ಏನಂತ ಕರೆಯಬೇಕು ಅಂತ ಇಂಗ್ಲಿಷ್ ಮಾತಾಡುವ ಕೆಲವು ದೇಶಗಳ ತಜ್ಞರು ಒಮ್ಮತಕ್ಕೆ ಬಂದದ್ದೇ 2017ರಲ್ಲಿ. ಹೆಸರೇ ಅಷ್ಟು ತಡವಾಗಿ ಸಿಕ್ಕ ತೊಂದರೆ ಇದು. ಎರಡು ಮೂರು ಭಾಷೆಯ ನಡುವೆ ಬೆಳೆಯುವ ಮಗುವಿನಲ್ಲಿ ಇದು ಸುಲಭವಾಗಿ ಅಡಗಿಕೊಳ್ಳುತ್ತದೆ. ಗುರುತಿಸುವ ಸೂತ್ರ ಮಾತ್ರ ಸರಳ. ನಿಜವಾದ ತೊಂದರೆ ಇದ್ದರೆ ಅದು ಮಗುವಿನ ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಎರಡನೇ ಭಾಷೆಯಲ್ಲಿ ಮಾತ್ರ ಕಂಡರೆ ಅದು ಇನ್ನೂ ಕಲಿಯುತ್ತಿರುವ ಹಂತ. ಆದರೆ ಮನೆಯ ಭಾಷೆಯಲ್ಲಿ ನೋಡದೆ ಇದನ್ನು ಹೇಳುವುದಾದರೂ ಹೇಗೆ?

ಒಂದೊಂದು ಭಾಷೆಗೂ ಪರೀಕ್ಷೆ ತಯಾರಿಸಲು ಹಣ ಎಲ್ಲಿ ಅಂತ ನೀವು ಕೇಳುತ್ತೀರಿ. ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳು ಯಾವ ವಯಸ್ಸಿಗೆ ಯಾವ ವ್ಯಂಜನ ಕಲಿಯುತ್ತಾರೆ ಅನ್ನುವ ಬಗ್ಗೆ ಲೋಕದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2018ರಲ್ಲಿ ಒಂದು ವಿಮರ್ಶೆ ಬಂತು. ಅದರಲ್ಲಿದ್ದದ್ದು 27 ಭಾಷೆ. ಲೋಕದಲ್ಲಿ ಇರುವುದು ಏಳು ಸಾವಿರದಷ್ಟು. ಎಲ್ಲಕ್ಕೂ ಪರೀಕ್ಷೆ ಬರುವವರೆಗೆ ಕಾದರೆ ಈಗಿನ ಮಕ್ಕಳು ಅಜ್ಜ ಅಜ್ಜಿ ಆಗಿರುತ್ತಾರೆ.

ಅಷ್ಟು ಕಾಯಬೇಕಾಗಿಲ್ಲ. ಆಸ್ಟ್ರೇಲಿಯಾದ ಸಂಶೋಧಕಿ ಶರಿನ್ ಮೆಕ್‌ಲಿಯಡ್ ಮತ್ತು ಜೊತೆಗಾರರು 2012ರಲ್ಲಿ ಒಂದು ಪುಟದ ಪ್ರಶ್ನಾವಳಿ ಪ್ರಕಟಿಸಿದರು. ಬರೀ ಏಳು ಪ್ರಶ್ನೆ. ಮಗುವಿನ ಮಾತು ನಿಮಗೆ ಅರ್ಥವಾಗುತ್ತದಾ, ಮನೆಯವರಿಗೆ, ನೆಂಟರಿಗೆ, ಮಗುವಿನ ಗೆಳೆಯರಿಗೆ, ಪರಿಚಯದವರಿಗೆ, ಶಿಕ್ಷಕರಿಗೆ, ಅಪರಿಚಿತರಿಗೆ? ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಅರವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಅದರಿಂದ ರೋಗನಿರ್ಣಯ ಆಗುವುದಿಲ್ಲ, ಆದರೆ ಯಾವ ಮಗುವನ್ನು ಮೊದಲು ನೋಡಬೇಕು ಅಂತ ತಿಳಿಯುತ್ತದೆ. ಮುಖ್ಯವಾಗಿ, ಅದು ತಾಯಿಯನ್ನು ಕೇಳುತ್ತದೆ. ಮಗುವಿನ ಮಾತನ್ನು ದಿನಕ್ಕೆ ಹತ್ತು ಗಂಟೆ ಕೇಳುವವರು ಅವರು ತಾನೆ.

ಇನ್ನೊಂದು ದಾರಿ, ಕಲಿಸಿ ನೋಡುವುದು. ಮೊದಲು ಪರೀಕ್ಷೆ, ಆಮೇಲೆ ಸ್ವಲ್ಪ ಪಾಠ, ಮತ್ತೆ ಅದೇ ಪರೀಕ್ಷೆ. ಹಿಂದೆಂದೂ ಕಾರ್ಡಿನ ಆಟ ಆಡಿರದ ಆರೋಗ್ಯವಂತ ಮಗು ಎರಡು ಪಾಠ ಆದ ಮೇಲೆ ಜಿಗಿದು ಮುಂದೆ ಹೋಗುತ್ತದೆ. ನಿಜವಾದ ತೊಂದರೆ ಇರುವ ಮಗು ಒದ್ದಾಡುತ್ತದೆ. ಸಂಶೋಧಕಿ ಎಲಿಜಬೆತ್ ಪೆನ್ಯಾ ಮುಂತಾದವರು ಎರಡು ಭಾಷೆಯ ಮಕ್ಕಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಇದಕ್ಕೆ ಬೇಕಾದದ್ದು ದುಬಾರಿ ಪೆಟ್ಟಿಗೆ ಅಲ್ಲ, ಸಮಯ. ಅದನ್ನೇ ನೀವು ಕೊಡುತ್ತಿಲ್ಲ. ದಿನಕ್ಕೆ ಎಷ್ಟು ಮಕ್ಕಳನ್ನು ನೋಡಿದೆ ಅಂತ ಎಣಿಸುವ ತನಕ ನಾನು ಮಗುವಿಗೆ ಎರಡನೇ ದಿನದ ಟೇಪು ಕೊಡಲಾರೆ.

ಭಾಷೆ ಬಾರದ ಕಡೆ ದುಭಾಷಿ ಬೇಕು. ಈಗ ಏನು ನಡೆಯುತ್ತದೆ ಗೊತ್ತಾ? ಮಗುವಿನ ಅಕ್ಕನನ್ನೋ ಅಣ್ಣನನ್ನೋ ಕೂರಿಸಿಕೊಳ್ಳುತ್ತೇವೆ. ಒಂಬತ್ತು ವರ್ಷದ ಹುಡುಗಿ ತನ್ನ ತಮ್ಮನ ತೊಂದರೆಯನ್ನು ತನ್ನ ಅಮ್ಮನಿಗೆ ವಿವರಿಸಬೇಕು. ನಾನು ಹೇಳಿದ್ದರಲ್ಲಿ ಅಮ್ಮನಿಗೆ ನೋವಾಗುವಂಥದ್ದನ್ನು ಅವಳು ಬಿಟ್ಟು ಹೇಳಿದ್ದು ನನಗೆ ಎಷ್ಟೋ ಹೊತ್ತಿನ ಮೇಲೆ ತಿಳಿಯಿತು. ಆ ವಯಸ್ಸಿನ ಮಗುವಿನ ತಲೆ ಮೇಲೆ ಆ ಭಾರ ಹೊರಿಸಿದ್ದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ. ಸಂಬಳ ಕೊಟ್ಟು, ತರಬೇತಿ ಕೊಟ್ಟು ದುಭಾಷಿಗಳನ್ನು ಇಡಿ. ಮಗುವಿನ ತಪ್ಪನ್ನು ತಿದ್ದದೆ, ಅದು ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಲು ಅವರಿಗೆ ಕಲಿಸಬೇಕಾಗುತ್ತದೆ. ಒಳ್ಳೆಯ ದುಭಾಷಿಗಳೂ ಅಭ್ಯಾಸಬಲದಿಂದ ತಿದ್ದಿಬಿಡುತ್ತಾರೆ, ಆಗ ನನಗೆ ಬೇಕಾದ ಮಾಹಿತಿಯೇ ಹೋಗಿಬಿಡುತ್ತದೆ.

ಈಗ ಚಿಕಿತ್ಸೆ. ವಾರಕ್ಕೆ 168 ಗಂಟೆ. ಅದರಲ್ಲಿ ಮಗು ನನ್ನ ಜೊತೆ ಇರುವುದು ಒಂದು ಗಂಟೆ, ಅದೂ ಬಸ್ಸು ಸಿಕ್ಕರೆ. ಉಳಿದ 167 ಗಂಟೆ ಮನೆಯವರ ಜೊತೆ. ಆದ್ದರಿಂದ ಮನೆಯವರಿಗೆ ಕಲಿಸಬೇಕು. ಅದರಿಂದ ಫಲ ಇದೆ, ಇದು ಸಾಬೀತಾದ ಮಾತೇ. ಚಿಕ್ಕ ಮಕ್ಕಳ ಉಗ್ಗಿಗೆ ಸಿಡ್ನಿಯಲ್ಲಿ ರೂಪುಗೊಂಡ ಲಿಡ್‌ಕಂಬ್ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವವರು ಅಪ್ಪ ಅಮ್ಮಂದಿರೇ. ಥೆರಪಿಸ್ಟ್ ಅವರಿಗೆ ಕಲಿಸಿ ಜೊತೆಗಿರುತ್ತಾರೆ ಅಷ್ಟೆ. ಫೋನು, ವೀಡಿಯೊ ಮೂಲಕವೂ ಅದನ್ನು ನಡೆಸಿ ನೋಡಿದ್ದಾರೆ.

ಆದರೆ ಮನೆಯವರಿಗೆ ಕಲಿಸುವುದು ಅನ್ನುವಾಗ ನಾವು ಏನು ಕಲಿಸುತ್ತೇವೆ? ನೆಲದ ಮೇಲೆ ಕೂತು ಮಗುವಿನ ಜೊತೆ ಆಟ ಆಡಿ. ಮಗು ಮಾಡುವುದನ್ನೆಲ್ಲ ಮಾತಿನಲ್ಲಿ ವರ್ಣಿಸಿ. ಚಿತ್ರಪುಸ್ತಕ ಓದಿ. ತಾಯಿಯೊಬ್ಬಳೇ ಒಂದು ಮಗುವಿನ ಜೊತೆ ಬಿಡುವಾಗಿ ಕೂರುವ ಮನೆ ಇದಕ್ಕೆ ಬೇಕು. ಲೋಕದ ಎಲ್ಲ ಮನೆಗಳೂ ಹೀಗಿಲ್ಲ. ಪಪುವಾ ನ್ಯೂಗಿನಿಯ ಕಲುಲಿ ಜನರ ನಡುವೆ ಮಾನವಶಾಸ್ತ್ರಜ್ಞೆ ಬಂಬಿ ಶೀಫೆಲಿನ್, ಸಮೋವಾ ದ್ವೀಪಗಳಲ್ಲಿ ಮಾನವಶಾಸ್ತ್ರಜ್ಞೆ ಎಲಿನಾರ್ ಓಕ್ಸ್ ಬಹಳ ಕಾಲ ಇದ್ದು ನೋಡಿದರು. ಅಲ್ಲಿ ದೊಡ್ಡವರು ಕೂಸಿನ ಜೊತೆ ಕೂಸಿನಂತೆ ತೊದಲು ಮಾತಾಡುವುದಿಲ್ಲ. ಕಲುಲಿ ತಾಯಿ ಕೂಸನ್ನು ಬೇರೆಯವರ ಕಡೆಗೆ ಮುಖ ಮಾಡಿ ಹಿಡಿದು, ಕೂಸಿನ ಪರವಾಗಿ ತಾನೇ ಮಾತಾಡುತ್ತಾಳೆ. ಆ ಮಕ್ಕಳೂ ಚೆನ್ನಾಗಿಯೇ ಮಾತು ಕಲಿಯುತ್ತಾರೆ. ಮಗು ಭಾಷೆ ಕಲಿಯಲು ಒಂದೇ ದಾರಿ ಇಲ್ಲ ಅಂದಮೇಲೆ ಚಿಕಿತ್ಸೆಗೆ ಒಂದೇ ದಾರಿ ಯಾಕೆ?

ನನ್ನ ಅನುಭವ ಹೇಳುತ್ತೇನೆ. "ದಿನಾ ಅರ್ಧ ಗಂಟೆ ಮಗು ಜೊತೆ ಆಡಿ" ಅಂತ ನಾನು ಹೇಳಿದ ಮನೆಗಳಲ್ಲಿ ಅದು ನಡೆಯಲಿಲ್ಲ. ಕೂಲಿಗೆ ಹೋಗಿ ಕತ್ತಲಾದ ಮೇಲೆ ಬರುವ ತಾಯಿಗೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಆಮೇಲೆ ನಾನು ಪ್ರಶ್ನೆ ಬದಲಿಸಿದೆ. ಮಗು ದಿನವಿಡೀ ಯಾರ ಹಿಂದೆ ಓಡಾಡುತ್ತದೆ? ಹೆಚ್ಚಿನ ಸಲ ಉತ್ತರ ದೊಡ್ಡ ಮಕ್ಕಳು. ಹಾಗಾದರೆ ಅವರಿಗೇ ಆಟದ ರೂಪದಲ್ಲಿ ಕಲಿಸಬಹುದಲ್ಲ. ತಾಯಿಗೆ ಬೇರೆ ಸಮಯ ಬೇಡ, ಬಟ್ಟೆ ಒಗೆಯುವಾಗ, ಮಗುವಿನ ಮೈ ತೊಳೆಸುವಾಗ ಹೇಗಿದ್ದರೂ ಆಡುವ ನಾಲ್ಕು ಮಾತನ್ನೇ ಸ್ವಲ್ಪ ನಿಧಾನ ಮಾಡಿ, ಮಗುವಿನ ಸರದಿಗೆ ಕಾಯುವುದನ್ನು ಕಲಿಸಬಹುದು. ಅಕ್ಕನಿಗೆ ಆಟ ಕಲಿಸುವುದು ಬೇರೆ, ಅವಳನ್ನು ದುಭಾಷಿ ಮಾಡುವುದು ಬೇರೆ. ಎರಡನ್ನೂ ಒಂದೇ ಮಾಡಬೇಡಿ.

ಹೊಗಳಿಕೆಯ ವಿಷಯವೂ ಹಾಗೆಯೇ. ಲಿಡ್‌ಕಂಬ್ ಪದ್ಧತಿಯಲ್ಲಿ ಮಗು ಉಗ್ಗದೆ ಮಾತಾಡಿದಾಗ ಹೊಗಳಬೇಕು. ಮಕ್ಕಳನ್ನು ಎದುರಿಗೇ ಹೊಗಳದ ಮನೆಯ ಅಪ್ಪ ಆ ಮಾತನ್ನು ಹೇಳಹೊರಟರೆ ಮಗುವೇ ಬೆಚ್ಚಿ ನೋಡುತ್ತದೆ! ಆ ಮನೆಯಲ್ಲಿ ಮೆಚ್ಚುಗೆ ಹೇಗೆ ತೋರಿಸುತ್ತಾರೆ ಅಂತ ಮೊದಲು ಕೇಳಬೇಕು. ಒಂದು ನಗು, ಬೆನ್ನ ಮೇಲೆ ಒಂದು ಕೈ, ಅದೂ ನಡೆಯುತ್ತದೆ.

ಇನ್ನು ತಾಯಂದಿರನ್ನು ದೂರುವುದು. ಮೊಬೈಲು ಕೊಟ್ಟಿರಿ, ಮಾತಾಡಿಸಲಿಲ್ಲ, ತಡವಾಗಿ ಕರೆತಂದಿರಿ. ಮೊದಲ ಭೇಟಿಯಲ್ಲೇ ಈ ಮೂರೂ ಕೇಳಿಸಿಕೊಂಡ ತಾಯಿ ಎರಡನೇ ಭೇಟಿಗೆ ಯಾಕೆ ಬರಬೇಕು ಹೇಳಿ. ಮಗು ಮಾತಾಡದಿರುವುದಕ್ಕೆ ಮನೆಯವರು ತಮ್ಮದೇ ಕಾರಣ ಹೇಳುತ್ತಾರೆ, ತಮ್ಮದೇ ಪರಿಹಾರವನ್ನೂ ಮಾಡಿಸಿರುತ್ತಾರೆ. ಅದರಿಂದ ಮಗುವಿಗೆ ಅಪಾಯ ಇದ್ದರೆ ಖಂಡಿತ ತಡೆಯಬೇಕು. ಇಲ್ಲದಿದ್ದರೆ ಅದೂ ಇರಲಿ, ಇದೂ ನಡೆಯಲಿ. ನಕ್ಕುಬಿಟ್ಟರೆ ಮಾತ್ರ ಕೆಲಸ ಕೆಟ್ಟಿತು.

ಸ್ವಲ್ಪದರಲ್ಲಿ ಹೇಳಬಹುದಾದ ಎರಡು ವಿಷಯ ಇವೆ. ಮೊದಲನೆಯದು ಕಿವಿ. ಮಾತು ತಡ ಅಂತ ಬಂದ ಯಾವ ಮಗುವಿಗೂ ಕಿವಿ ಪರೀಕ್ಷೆ ಮಾಡದೆ ಮುಂದೆ ಹೋಗಬಾರದು. ಮಕ್ಕಳಲ್ಲಿ ಕಂಡುಬರುವ ಶ್ರವಣದೋಷದಲ್ಲಿ ನೂರಕ್ಕೆ 60ರಷ್ಟು ತಡೆಯಬಹುದಾದ ಕಾರಣಗಳಿಂದ ಬರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹೇಳಿದೆ. ಸೋರುವ ಕಿವಿಯನ್ನು ಯಾರೂ ನೋಡದೆ ಆ ಮಗುವಿಗೆ ನನ್ನ ಹತ್ತಿರ ಒಂದು ವರ್ಷ ಉಚ್ಚಾರ ಕಲಿಸಿದರೆ ಅದಕ್ಕಿಂತ ದಂಡ ಇನ್ನೊಂದಿಲ್ಲ. ಎರಡನೆಯದು ಸೀಳು ಅಂಗುಳ, ಅಂದರೆ ಬಾಯಿಯ ಒಳಗಿನ ಮೇಲ್ಭಾಗ ಹುಟ್ಟಿನಿಂದಲೇ ಸೀಳಿರುವುದು. ಶಿಬಿರ ನಡೆಸಿ ಆಪರೇಷನ್ ಮಾಡುತ್ತಾರೆ, ಫೋಟೊ ಬರುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಅಂಗುಳ ಮುಚ್ಚಿದ ಮಾತ್ರಕ್ಕೆ ಮಾತು ತಾನಾಗಿ ಸ್ಪಷ್ಟವಾಗುವುದಿಲ್ಲ. ಬಾಯಲ್ಲಿ ಗಾಳಿ ನಿಲ್ಲದ ದಿನಗಳಲ್ಲಿ ಗಂಟಲಲ್ಲೇ ಸದ್ದು ಹೊರಡಿಸಿ ರೂಢಿಯಾದ ಮಗುವಿಗೆ ಆ ರೂಢಿ ಬಿಡಿಸಬೇಕು. ಆಪರೇಷನ್ನಿಗೆ ಹಣ ಕೊಡುವಾಗಲೇ ಅದರ ನಂತರದ ಥೆರಪಿಗೂ ಹಣ ಎತ್ತಿಡಿ.

ಹಾಗಾದರೆ ಕೆಲಸ ಮಾಡುವವರು ಯಾರು? ಇಲ್ಲಿ ನನ್ನ ಜೊತೆಗಾರರೇ ನನ್ನ ಮೇಲೆ ಸಿಟ್ಟಾಗಬಹುದು. ಪದವಿ ಪಡೆದ ಥೆರಪಿಸ್ಟುಗಳಿಂದಲೇ ಎಲ್ಲ ಮಕ್ಕಳನ್ನೂ ತಲುಪಲು ನಮ್ಮ ಕಾಲದಲ್ಲಿ ಆಗುವುದಿಲ್ಲ. ಆಯಾ ಸಮುದಾಯದ್ದೇ ಹೆಂಗಸರಿಗೆ, ಗಂಡಸರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಬೇಕು. ಅವರಿಗೆ ಭಾಷೆ ಬರುತ್ತದೆ, ಯಾವ ಮನೆಗೆ ಯಾವ ಹೊತ್ತಿಗೆ ಹೋಗಬೇಕು ಅನ್ನುವುದೂ ಗೊತ್ತಿರುತ್ತದೆ. ನಾನು ವಾರಕ್ಕೊಮ್ಮೆ ಅವರ ಜೊತೆ ಕೂತು ಮಕ್ಕಳ ವೀಡಿಯೊ ನೋಡಿ ಮುಂದಿನ ಹೆಜ್ಜೆ ಹೇಳಬಹುದು. ಸಿಗ್ನಲ್ ಸರಿ ಇಲ್ಲದ ಕಡೆ ವೀಡಿಯೊ ಕಾಲ್ ಬೇಡ, ವೀಡಿಯೊ ರೆಕಾರ್ಡ್ ಮಾಡಿ ಕಳಿಸಿದರೆ ಸಾಕು.

ಆದರೆ ಒಂದು ಭಯ ಇದೆ. "ಸಮುದಾಯದ ಕಾರ್ಯಕರ್ತೆ" ಅನ್ನುವ ಪದ ಕೇಳಿದ ಕೂಡಲೇ ನಿಮ್ಮ ಹಣಕಾಸು ವಿಭಾಗದವರ ಮುಖ ಅರಳುತ್ತದೆ. ಅಗ್ಗದಲ್ಲಿ ಆಯಿತು ಅಂತ. ಈಗಾಗಲೇ ಹತ್ತು ಕೆಲಸ ಇರುವವರ ಹೆಗಲಿಗೆ ಹನ್ನೊಂದನೆಯದನ್ನು ಏರಿಸಿ, ಎರಡು ದಿನ ತರಬೇತಿ ಕೊಟ್ಟು, ಅದನ್ನೇ ಸೇವೆ ಅಂತ ಕರೆಯುವುದಾದರೆ ದಯವಿಟ್ಟು ಬೇಡ. ಅವರಿಗೆ ಸರಿಯಾದ ಸಂಬಳ ಬೇಕು, ಕೇಳಿದಾಗ ಸಿಗುವ ಥೆರಪಿಸ್ಟ್ ಬೇಕು, ಮುಂದೆ ಓದಿ ತಾವೇ ಥೆರಪಿಸ್ಟ್ ಆಗುವ ದಾರಿ ಬೇಕು. ಕಾಲೇಜುಗಳಲ್ಲಿ ಆ ಸಮುದಾಯದ ಹುಡುಗ ಹುಡುಗಿಯರಿಗೆ ಸೀಟು, ವಿದ್ಯಾರ್ಥಿವೇತನ ಕೊಡಿ. ಇಪ್ಪತ್ತು ವರ್ಷದ ಮೇಲೆ ನನ್ನಂಥವಳು ಅಲ್ಲಿನ ಭಾಷೆಯ ನೂರು ಪದ ಬಾಯಿಪಾಠ ಮಾಡುವ ಅಗತ್ಯವೇ ಇರಬಾರದು.

ಇವೆಲ್ಲ ನಾನು ಕೇಳುತ್ತಿರುವ ದಯೆ ಅಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಅಲ್ಪಸಂಖ್ಯಾತ ಸಮುದಾಯದ ಮಗುವಿಗೆ ತನ್ನ ಭಾಷೆ ಬಳಸುವ ಹಕ್ಕು ಕೊಟ್ಟಿದೆ. 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 26ನೇ ವಿಧಿ ಇಂಥ ಸೇವೆಗಳು ಆದಷ್ಟು ಬೇಗ ಶುರುವಾಗಬೇಕು, ಜನರ ಸಮುದಾಯಕ್ಕೆ ಆದಷ್ಟು ಹತ್ತಿರದಲ್ಲಿ ಸಿಗಬೇಕು, ಹಳ್ಳಿಗಳಲ್ಲೂ ಸಿಗಬೇಕು ಅನ್ನುತ್ತದೆ. ಎರಡಕ್ಕೂ ಲೋಕದ ಬಹುಪಾಲು ಸರ್ಕಾರಗಳ ಸಹಿ ಬಿದ್ದಿದೆ. ಸಹಿ ಹಾಕಿದ ಕಾಗದವನ್ನು ಒಮ್ಮೆ ತೆಗೆದು ಓದಿ ಅಂತ ಮಾತ್ರ ನನ್ನ ವಿನಂತಿ.

ದೊಡ್ಡ ಕೆಲಸಗಳಿಗೆ ಕಾಲ ಬೇಕು, ಗೊತ್ತು. ಅಲ್ಲಿಯವರೆಗೆ ಸಣ್ಣದೊಂದು ಮಾಡಬಹುದು. ಮಗು ಮೊದಲ ಸಲ ಬಂದಾಗ ನಾವು ತುಂಬಿಸುವ ಫಾರ್ಮಿನಲ್ಲಿ "ಭಾಷೆ" ಅಂತ ಇದೆ, ಅದರ ಮುಂದೆ ಒಂದು ಗಿಡ್ಡ ಗೆರೆ. ಒಂದು ಪದ ಹಿಡಿಯುವಷ್ಟೇ ಜಾಗ. ಅದರ ಬದಲು ನಾಲ್ಕು ಸಾಲು ಬಿಡಿ. ಮಗುವಿನ ಜೊತೆ ದಿನದಲ್ಲಿ ಯಾರ್ಯಾರು ಮಾತಾಡುತ್ತಾರೆ, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು, ಆ ಭಾಷೆ ಅವರಿಗೆ ಎಷ್ಟು ಸಲೀಸು. ಇಷ್ಟು ಬರೆಯಲು ಬಂದರೆ ಸಾಕು. ಆ ನಾಲ್ಕು ಸಾಲು ಅಂದು ನನ್ನ ಮುಂದಿದ್ದಿದ್ದರೆ ಅಜ್ಜಿಯ ಬಗ್ಗೆ ನಾನು ಮೊದಲ ದಿನವೇ ಕೇಳುತ್ತಿದ್ದೆ. ಸದ್ಯಕ್ಕೆ ಇದನ್ನೆಲ್ಲ ಫಾರ್ಮಿನ ಹಿಂಬದಿಯಲ್ಲಿ ಪೆನ್ನಿನಿಂದ ಬರೆಯುತ್ತಿದ್ದೇನೆ. ಕಂಪ್ಯೂಟರಿಗೆ ಏರಿಸುವವರು ಹಿಂಬದಿ ತಿರುಗಿಸಿ ನೋಡುವುದಿಲ್ಲ.

ಇಂತಿ,
ಮಕ್ಕಳ ಸ್ಪೀಚ್ ಥೆರಪಿಸ್ಟ್ ಒಬ್ಬಳು